ನಾಲಿಗೆಯಡಿಯ ಮಾತ್ರೆ

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಡೆಯ ಮೇಜು ಅವಳದು. ಹೊಲಿದು, ಕಾಜಾ ಹಾಕಿ, ಗುಂಡಿ ಕೂರಿಸಿದ ಅಂಗಿಗಳೆಲ್ಲ ಅವಳ ಕೈ ದಾಟಿಯೇ ಇಸ್ತ್ರಿಗೆ ಹೋಗಬೇಕು. ತಲೆಯ ಮೇಲೆ ಟ್ಯೂಬ್‌ಲೈಟು, ಮುಂದೆ ಬಿಳಿ ಹಲಗೆ, ಎಡಗೈ ಪಕ್ಕದಲ್ಲಿ ಕೆಂಪು ಬಾಣದ ಸ್ಟಿಕ್ಕರುಗಳ ಸುರುಳಿ. ಎಲ್ಲಿ ಹೊಲಿಗೆ ತಪ್ಪಿದೆಯೋ, ಎಲ್ಲಿ ಮಿಷನ್ನಿನ ಎಣ್ಣೆ ಸಾಸಿವೆ ಕಾಳಿನಷ್ಟು ತಾಗಿದೆಯೋ, ಅಲ್ಲೊಂದು ಬಾಣ. ಅಲ್ಲಿಯ ಹೆಂಗಸರು ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ ಹಾಗೆ ಕರೆಯುತ್ತಿದ್ದರು. ಚೆನ್ನಾಗಿರುವುದನ್ನು ಎಲ್ಲರೂ ಪುಕ್ಕಟೆ ನೋಡುತ್ತಾರೆ, ಕೆಟ್ಟದ್ದನ್ನು ಹುಡುಕುವವರಿಗೆ ಮಾತ್ರ ಸಂಬಳ ಎಂದು ಅವಳೂ ನಗುತ್ತಿದ್ದಳು.

ಮೇಲ್ವಿಚಾರಕಿ ಆಗಾಗ ಬೇಕೆಂದೇ ಒಂದು ಕೆಟ್ಟ ಅಂಗಿಯನ್ನು ಒಳ್ಳೆಯವುಗಳ ನಡುವೆ ಸೇರಿಸಿ ಕಳಿಸುತ್ತಿದ್ದಳು. ಅದಕ್ಕೆ ಪರೀಕ್ಷೆ ಪೀಸು ಎಂದು ಹೆಸರು. ನೋಡುವವಳ ಕಣ್ಣು ಎಚ್ಚರವಾಗಿದೆಯೋ ತೂಕಡಿಸುತ್ತಿದೆಯೋ ತಿಳಿಯಲು ಅದೊಂದು ದಾರಿ. ಅಂಥ ಪೀಸು ಪಾಸಾಗಿ ಹೋಯಿತೆಂದರೆ ಮಾರನೆಯ ದಿನ ಮೇಜು ಬೇರೆಯವರ ಪಾಲು. ಇಷ್ಟು ವರ್ಷಗಳಲ್ಲಿ ಅವಳು ಒಂದನ್ನೂ ಬಿಟ್ಟವಳಲ್ಲ. ಮೋಸವನ್ನು ಮೋಸ ಹೋಗದೆ ಹಿಡಿಯುವುದರಲ್ಲಿ ಒಂದು ತಣ್ಣನೆಯ ಸುಖವಿದೆ ಎಂದು ಅವಳಿಗೆ ಆ ಮೇಜು ಕಲಿಸಿತ್ತು. ಆ ಸುಖವನ್ನು ಸಂಜೆ ಗೇಟಿನ ಹತ್ತಿರ ಬಿಟ್ಟು ಬರುವುದನ್ನು ಮಾತ್ರ ಯಾರೂ ಕಲಿಸಲಿಲ್ಲ.

ಗಂಡ ಗೋಡೆಗೆ ಬಣ್ಣ ಬಳಿಯುವವನು. ಕೈ ಸ್ವಚ್ಛ, ಗೆರೆ ನೇರ, ಮಾತು ಕಡಿಮೆ. ಕುಡಿತ ಒಂದಿಲ್ಲದಿದ್ದರೆ ಚಿನ್ನದಂಥ ಮನುಷ್ಯ ಎಂದು ಅತ್ತೆ ಬದುಕಿರುವ ತನಕ ಹೇಳುತ್ತಿದ್ದರು. ಆ ಒಂದೇ ಉಳಿದದ್ದನ್ನೆಲ್ಲ ನುಂಗುತ್ತಿತ್ತು. ಬೇರೆ ಹೆಂಡತಿಯರು ಬಾಗಿಲಲ್ಲೇ ವಾಸನೆ ಹಿಡಿದುಬಿಡುತ್ತಾರೆ. ಇವಳಿಗೆ ಆ ಅನುಕೂಲವೂ ಇರಲಿಲ್ಲ. ಅವನು ಮನೆಗೆ ಬಂದರೆ ಅಂಗಿ, ಕೂದಲು, ಉಗುರಿನ ಸಂದು ಎಲ್ಲ ಥಿನ್ನರ್ ವಾಸನೆ. ಅದರ ಹಿಂದೆ ಏನು ಅಡಗಿದೆಯೋ ದೇವರಿಗೇ ಗೊತ್ತು. ಹಾಗಾಗಿ ಅವಳು ಕಣ್ಣನ್ನೇ ನಂಬಿದಳು. ಚಪ್ಪಲಿ ಬಿಡುವಾಗ ಗೋಡೆ ಹಿಡಿದನೇ, ಬೀಗದ ಕೈ ಮೊಳೆಗೆ ಒಂದೇ ಸಲಕ್ಕೆ ಸಿಕ್ಕಿಕೊಂಡಿತೇ ಎಂದು ನೋಡುತ್ತಿದ್ದಳು.

ಎರಡು ಸಲ ಕುಡಿತ ಬಿಟ್ಟ, ಎರಡು ಸಲವೂ ಮತ್ತೆ ಹಿಡಿದ. ಮೂರನೆಯ ಸಲ ಅವಳು ಹೆಚ್ಚು ಮಾತಾಡಲಿಲ್ಲ. ಕಾರ್ಖಾನೆಯಲ್ಲಿ ಕಾಜಾ ಮಿಷನ್ನಿನ ಮೇಲೆ ಕೂರುವ ಗೆಳತಿಯನ್ನು ಎಲ್ಲರೂ ಕಾಜಾ ಎಂದೇ ಕರೆಯುತ್ತಿದ್ದರು. ಕಾಜಾಳ ಮನೆಯ ಮಹಡಿಯಲ್ಲಿ ಒಂದು ಕೋಣೆ ಖಾಲಿ ಇತ್ತು. ಇನ್ನೊಂದು ಗುಟುಕು ಕುಡಿದದ್ದು ಗೊತ್ತಾದರೆ ಆ ಕೋಣೆಗೆ ಹೋಗುತ್ತೇನೆ, ಮತ್ತೆ ಕರೆಯಲು ಬರಬೇಡಿ ಎಂದಳು. ಅವನು ತಲೆಯಾಡಿಸಿದ. ಮಾರನೆಯ ವಾರ ಇಬ್ಬರೂ ಚಟ ಬಿಡಿಸುವ ಆಸ್ಪತ್ರೆಗೆ ಹೋದರು.

ಅಲ್ಲಿಯ ವೈದ್ಯೆ ವಯಸ್ಸಾದವರು. ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮಿದುಳಿನ ಮಾತು ತೆಗೆದರು. ನಮ್ಮ ಮೈಯೇ ಅಫೀಮಿನಂಥ ಒಂದು ರಸ ತಯಾರಿಸುತ್ತದೆ, ನೋವು ಇಳಿಸುವುದೂ ಅದೇ, ಹಾಯೆನಿಸುವುದೂ ಅದೇ ಎಂದರು. ಆ ರಸ ಬಂದು ಕೂರಲು ಮಿದುಳಿನಲ್ಲಿ ಸಣ್ಣ ಸಣ್ಣ ಜಾಗಗಳಿವೆ, ಗ್ರಾಹಕಗಳು ಅನ್ನುತ್ತಾರೆ. ಹೆಂಡ ಒಳಗೆ ಹೋದರೆ ರಸ ಉಕ್ಕಿ ಬಂದು ಆ ಜಾಗಗಳಲ್ಲಿ ಕೂರುತ್ತದೆ, ಕುಡಿದವನಿಗೆ ಸ್ವರ್ಗ ಕಾಣುತ್ತದೆ. ಮಿದುಳು ಅದನ್ನು ಮರೆಯುವುದಿಲ್ಲ, ಇನ್ನೂ ಬೇಕು ಎಂದು ಹಟ ಹಿಡಿಯುತ್ತದೆ. ಈ ಮಾತ್ರೆ ಏನು ಮಾಡುತ್ತದೆಂದರೆ, ಬಸ್ಸಿನ ಸೀಟಿಗೆ ಮೊದಲೇ ಯಾರೋ ಕರ್ಚೀಫ್ ಹಾಕಿಟ್ಟ ಹಾಗೆ, ಆ ಜಾಗಗಳನ್ನೆಲ್ಲ ಹಿಡಿದುಕೊಂಡುಬಿಡುತ್ತದೆ. ಕುಡಿದರೂ ರಸಕ್ಕೆ ಕೂರಲು ಜಾಗವಿಲ್ಲ. ಸುಖ ನಿಂತೇ ಇದ್ದು ಇಳಿದು ಹೋಗುತ್ತದೆ. ಬರಬರುತ್ತಾ ಹಟ ಸಡಿಲವಾಗುತ್ತದೆ.

ಗಂಡ ಗಮನವಿಟ್ಟು ಕೇಳಿದ. ಅವಳು ಕೇಳಿದ್ದು ಒಂದೇ ಪ್ರಶ್ನೆ. ಮಾತ್ರೆ ನುಂಗದೆ ನುಂಗಿದ ಹಾಗೆ ಮಾಡಿದರೆ?

ವೈದ್ಯೆ ನಕ್ಕರು. ನಿಮ್ಮೆದುರಿಗೇ ನುಂಗಲಿ ಎಂದರು. ಏಳುವಾಗ ಇನ್ನೊಂದು ಮಾತು ಸೇರಿಸಿದರು. ಆಸ್ಪತ್ರೆಗಳಲ್ಲಿ ದೊಡ್ಡ ನೋವಿಗೆ ಕೊಡುವ ಇಂಜೆಕ್ಷನ್ನುಗಳೂ ಅಫೀಮಿನ ವಂಶದವೇ, ಕೂರುವುದೂ ಅದೇ ಸೀಟಿನಲ್ಲಿ. ಎಲ್ಲಾದರೂ ಚಿಕಿತ್ಸೆಗೆ ಹೋದರೆ ಈ ಮಾತ್ರೆಯ ವಿಷಯ ಮೊದಲು ಹೇಳಿಬಿಡಿ.

ಅಂದಿನಿಂದ ಬೆಳಿಗ್ಗೆ ಕಾಫಿಗೂ ಮುಂಚೆ ಮಾತ್ರೆ. ಅವಳು ಅಂಗಿ ನೋಡಿದ ಹಾಗೆಯೇ ಅವನ ಬಾಯಿ ನೋಡುತ್ತಿದ್ದಳು. ಅಡುಗೆಮನೆಯ ಕಿಟಕಿಯ ಬೆಳಕಿಗೆ ತಿರುಗಿಸಿ, ನಾಲಿಗೆ ಎತ್ತಿಸಿ, ಎಡದವಡೆ, ಬಲದವಡೆ, ಮೇಲ್ದುಟಿಯ ಒಳಗೆ. ಪಾಸು ಮಾಡಿದ ಮೇಲೂ ಒಂದು ಗಳಿಗೆ ನಿಂತು ನೋಡುತ್ತಿದ್ದಳು.

“ಹಲ್ಲು ಎಷ್ಟಿದೆ ಅಂತಾನೂ ಎಣಿಸಿಬಿಡು, ನಾಳೆ ಒಂದು ಕಮ್ಮಿಯಾದ್ರೆ ನನ್ನ ಮೇಲೇ ಬರುತ್ತೆ,” ಎಂದ ಅವನು ಒಂದು ದಿನ.

ಅವಳು ನಗಲಿಲ್ಲ. ಅವನು ಮಾತ್ರೆ ನುಂಗಿದ ಕೂಡಲೇ ಬಚ್ಚಲಿಗೆ ಹೋಗುತ್ತಿದ್ದ. ಮುಖ ತೊಳೆಯಲು ಎಂದು ಅವನ ಮಾತು. ನುಂಗಿದ್ದನ್ನು ಗಂಟಲಿಂದ ವಾಪಸು ತರುವ ವಿದ್ಯೆ ಕೆಲವರಿಗೆ ಬರುತ್ತದಂತೆ ಎಂದು ಕಾಜಾ ಹೇಳಿದ್ದು ಅವಳ ಕಿವಿಯಲ್ಲಿ ಕೂತಿತ್ತು. ಒಮ್ಮೆ ಬಚ್ಚಲಿನ ಜಾಲರಿಯಲ್ಲಿ ಬಿಳಿಯ ಚೂರೊಂದು ಸಿಕ್ಕಿತು. ಅಂಚು ದುಂಡಗೆ, ಮೈ ನುಣ್ಣಗೆ. ಅದನ್ನು ಕಾಗದದಲ್ಲಿ ಸುತ್ತಿ ಔಷಧಿ ಅಂಗಡಿಗೆ ಒಯ್ದು, ಇದು ಯಾವ ಮಾತ್ರೆ ನೋಡಿ ಎಂದಳು. ಅಂಗಡಿಯವನು ಕನ್ನಡಕ ಏರಿಸಿ, ಇಳಿಸಿ, ಉಗುರಿನಿಂದ ಗೀರಿದ.

“ಇದು ಮಾತ್ರೆ ಅಲ್ಲಮ್ಮ, ಗೋಡೆ,” ಎಂದ.

ಗೋಡೆಗೆ ಮೆತ್ತುವ ಪುಟ್ಟಿ. ಅವನ ಕೂದಲಿಂದ ಉದುರಿರಬೇಕು. ಅವಳಿಗೆ ನಾಚಿಕೆಯಾಯಿತು, ಸಮಾಧಾನವಾಗಲಿಲ್ಲ. ಇದು ಮಾತ್ರೆಯಲ್ಲ ಎಂದ ಮಾತ್ರಕ್ಕೆ ಮಾತ್ರೆ ಹೊಟ್ಟೆಗೆ ಹೋಯಿತು ಎಂದಾಯಿತೇ? ಅವನು ಸಂಜೆ ಬೇಗ ಬಂದರೆ ಯಾಕೆ ಬೇಗ ಬಂದ ಎನ್ನಿಸುತ್ತಿತ್ತು. ತಡವಾದರಂತೂ ಕೇಳುವುದೇ ಬೇಡ. ಹಾಡು ಗುನುಗಿದರೆ ಇಷ್ಟೊಂದು ಖುಷಿ ಎಲ್ಲಿಂದ ಬಂತು ಎಂದು ಯೋಚಿಸುತ್ತಿದ್ದಳು, ಸುಮ್ಮನಿದ್ದರೆ ಏನನ್ನು ಮುಚ್ಚಿಡುತ್ತಿದ್ದಾನೆ ಎಂದು. ನಿದ್ದೆ ಕೆಟ್ಟಿತು, ಕಣ್ಣು ಕೆಂಪಾಯಿತು, ತುತ್ತು ಸೇರದಾಯಿತು.

ಆಗ ಅವಳ ತಲೆಗೆ ಪರೀಕ್ಷೆ ಪೀಸಿನ ಉಪಾಯ ಹೊಳೆಯಿತು.

ಹೆಂಡದಂಗಡಿಯ ಮೆಟ್ಟಿಲು ಹತ್ತಿದ್ದು ಅವಳು ಅದೇ ಮೊದಲು. ತಲೆಯ ಮೇಲೆ ಸೆರಗು ಎಳೆದುಕೊಂಡು, ಅಂಗಡಿಯವನು ಯಾವುದು ಬೇಕು ಎಂದಾಗ ಏನೂ ತೋಚದೆ, ಕೆಂಪು ಮುಚ್ಚಳದ್ದು ಎಂದಳು. ಚಿಕ್ಕದೊಂದು ಬಾಟಲಿ. ಮನೆಗೆ ತಂದು, ಮುಚ್ಚಳ ತೆಗೆದು, ಸಹಜವಾಗಿ ಕಾಣಲೆಂದು ಸ್ವಲ್ಪ ಚೆಲ್ಲಿ, ಉಳಿದ ಮಟ್ಟಕ್ಕೆ ಸರಿಯಾಗಿ ಬಾಟಲಿಯ ಸುತ್ತ ಬಿಳಿ ದಾರವೊಂದನ್ನು ಬಿಗಿದು ಗಂಟು ಹಾಕಿದಳು. ಅಡುಗೆಮನೆಯ ಸಿಂಕಿನ ಕೆಳಗೆ, ಸೋಪಿನ ಪುಡಿಯ ಡಬ್ಬಿಯ ಹಿಂದೆ ಇಟ್ಟಳು. ಪೂರ್ತಿ ಅಡಗಿಸಲಿಲ್ಲ. ಪರೀಕ್ಷೆ ಪೀಸು ಸಿಗುವಂತಿರಬೇಕು, ಆದರೆ ಇಟ್ಟದ್ದೆಂದು ಗೊತ್ತಾಗಬಾರದು. ಅವನು ಕುಂಚ ತೊಳೆಯುವಾಗ ಸೋಪಿನ ಪುಡಿಗೆ ಕೈ ಹಾಕಿಯೇ ಹಾಕುತ್ತಾನೆ.

ಮೊದಲೆರಡು ದಿನ ಹೆಂಡ ದಾರದ ಮಟ್ಟಕ್ಕೇ ಇತ್ತು. ಅವಳಿಗೆ ತನ್ನ ಮೇಲೇ ಹೇಸಿಗೆಯಾಗಿ, ತೆಗೆದು ಚೆಲ್ಲಿಬಿಡಲೇ ಎಂದುಕೊಂಡಳು. ಮೂರನೆಯ ದಿನ ಬಗ್ಗಿ ನೋಡಿದರೆ ಹೆಂಡ ದಾರಕ್ಕಿಂತ ಒಂದು ಗೆರೆ ಕೆಳಗೆ. ಅವಳು ಸಿಂಕಿನ ಮುಂದೆ ಹಾಗೇ ಕುಕ್ಕರುಗಾಲಲ್ಲಿ ಕೂತಳು. ಅಳು ಬರಲಿಲ್ಲ. ಕೆಟ್ಟ ಹೊಲಿಗೆ ಕೊನೆಗೂ ಬೆರಳಿಗೆ ಸಿಕ್ಕಾಗಿನ ಆ ತಣ್ಣನೆಯ ಸುಖ ಮಾತ್ರ ಬೆನ್ನಲ್ಲಿ ಹರಿಯಿತು. ಅದೇ ಅವಳನ್ನು ಹೆದರಿಸಿತು. ಮಾರನೆಯ ದಿನ ಇನ್ನೊಂದು ಗೆರೆ, ಆಮೇಲೆ ಒಂದು ಬೆರಳಿನಷ್ಟು.

ಅವಳು ಅವನನ್ನು ಕೇಳಲಿಲ್ಲ. ಕೇಳಿದರೆ ಇಲ್ಲ ಎನ್ನುತ್ತಾನೆ, ಆಣೆ ಹಾಕುತ್ತಾನೆ, ನಾನು ಕರಗುತ್ತೇನೆ ಎಂದುಕೊಂಡಳು. ಕಾಜಾಳಿಗೆ ಮಾತ್ರ, ಕೋಣೆ ಗುಡಿಸಿಡು, ಈ ವಾರ ಬರುತ್ತೇನೆ ಎಂದಳು. ಅವನೂ ಆ ದಿನಗಳಲ್ಲಿ ಅವಳನ್ನು ಓರೆಗಣ್ಣಿನಿಂದ ನೋಡುತ್ತಿದ್ದ. ಊಟ ಮಾಡಿದೆಯಾ, ಕಣ್ಣು ಯಾಕೆ ಕೆಂಪಗಿದೆ ಎಂದು ಕೇಳುತ್ತಿದ್ದ. ಕಳ್ಳನ ಮನಸ್ಸು ಹುಳ್ಳುಳ್ಳಗೆ, ಬೆಣ್ಣೆ ಹಚ್ಚುತ್ತಿದ್ದಾನೆ ಎಂದುಕೊಂಡಳು.

ಟ್ರಂಕಿನಲ್ಲಿ ಅರ್ಧ ಬಟ್ಟೆ ತುಂಬಿದ್ದಳು. ಆ ದಿನ ಮಧ್ಯಾಹ್ನ ಮೇಲ್ವಿಚಾರಕಿ ಮೇಜಿನ ಹತ್ತಿರ ಬಂದು, ನಿನಗೆ ಫೋನು ಎಂದಳು. ಆ ಕಡೆ ಏಣಿ. ಗಂಡನ ಜೊತೆ ಕೆಲಸ ಮಾಡುವವನು, ಉದ್ದನೆಯ ಆಳಾದ್ದರಿಂದ ಆ ಹೆಸರು. ಅತ್ತಿಗೆ, ಗಾಬರಿಯಾಗಬೇಡಿ ಎಂದೇ ಶುರು ಮಾಡಿದ. ಮಾಳಿಗೆಯ ಹೊರಗೋಡೆಗೆ ಬಣ್ಣ ಬಳಿಯುವಾಗ ನಿಲ್ಲಲು ಕಟ್ಟಿದ ಸಾರುವೆಯ ಹಲಗೆ ಜಾರಿದೆ, ಬಿದ್ದಿದ್ದಾನೆ, ತೊಡೆಯ ಮೂಳೆ ಮುರಿದಿದೆ.

ಬಸ್ಸಿನಲ್ಲಿ ಅವಳಿಗೆ ಮೊದಲು ಬಂದ ಯೋಚನೆ, ಕುಡಿದು ಹತ್ತಿದ್ದನೇ ಎಂಬುದು.

ಆಸ್ಪತ್ರೆಯಲ್ಲಿ ಅವನನ್ನು ಹಸಿರು ಪರದೆಯ ಹಿಂದೆ ಮಲಗಿಸಿದ್ದರು. ಕಾಲಿನ ಎರಡು ಬದಿಗೂ ಹಲಗೆ ಕಟ್ಟಿತ್ತು. ಏಣಿಯೂ ಇನ್ನಿಬ್ಬರು ಕೆಲಸಗಾರರೂ ಬಣ್ಣದ ಬಟ್ಟೆಯಲ್ಲೇ ಗೋಡೆಗೆ ಅಂಟಿ ನಿಂತಿದ್ದರು. ಪಾಳಿಯ ವೈದ್ಯರು ಕಿರಿಯರು. ಬಿಡುವಿಲ್ಲದಿದ್ದರೂ ಕೇಳಬೇಕಾದ್ದನ್ನೆಲ್ಲ ಕೇಳಿದರು. ರೋಗಿ ನರಳುತ್ತಿದ್ದಾರೆ, ಮಾತಿಗೆ ಸಿಗುತ್ತಿಲ್ಲ, ನೀವೇ ಹೇಳಿ. ಸಕ್ಕರೆ ಕಾಯಿಲೆ ಇದೆಯಾ, ಔಷಧಿ ಒಗ್ಗದೆ ಮೈ ಊದಿದ್ದುಂಟಾ, ದಿನಾ ತೆಗೆದುಕೊಳ್ಳುವ ಮಾತ್ರೆ ಏನಾದರೂ ಇದೆಯಾ.

ಕೊನೆಯ ಪ್ರಶ್ನೆಗೆ ಅವಳು ಒಂದು ಕ್ಷಣ ತಡೆದಳು. ಹಳೆಯ ವೈದ್ಯೆಯ ಮಾತು ನೆನಪಿಗೆ ಬಾರದೆ ಇರಲಿಲ್ಲ. ಗೋಡೆಯ ಹತ್ತಿರ ಮೂರು ಜನ ಕಿವಿ ತೆರೆದುಕೊಂಡಿದ್ದರು. ಅದೂ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಸಿಂಕಿನ ಕೆಳಗಿತ್ತು. ಹೊಟ್ಟೆಗೆ ಹೋಗದ ಮಾತ್ರೆಯ ಹೆಸರು ಹೇಳಿ ಯಾರನ್ನು ಒಳ್ಳೆಯವನನ್ನಾಗಿ ಮಾಡಬೇಕು?

“ಏನೂ ಇಲ್ಲ,” ಎಂದಳು. “ಅವರು ಯಾವ ಮಾತ್ರೇನೂ ತಗೊಳ್ಳಲ್ಲ.”

ಇಂಜೆಕ್ಷನ್ ಕೊಟ್ಟರು. ಇನ್ನೇನು ಕಡಿಮೆಯಾಗುತ್ತದೆ ಎಂದು ನರ್ಸ್ ಅವನ ಹೆಗಲು ತಟ್ಟಿ ಹೋದರು. ಕಡಿಮೆಯಾಗಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಕೈ ಮುರಿದುಕೊಂಡು ಬಂದವನೊಬ್ಬ ಅದೇ ಇಂಜೆಕ್ಷನ್ ಹಾಕಿಸಿಕೊಂಡು ಆಗಲೇ ಗೊರಕೆ ಹೊಡೆಯುತ್ತಿದ್ದ. ಇವನು ಮಾತ್ರ ಹಾಸಿಗೆಯ ಕಂಬಿಯನ್ನು ಬಿಗಿಹಿಡಿದು, ತಲೆಯನ್ನು ಆ ಕಡೆಗೂ ಈ ಕಡೆಗೂ ಹೊರಳಿಸುತ್ತಿದ್ದ. ಇನ್ನೊಂದು ಕೊಟ್ಟರು. ಅದೂ ನೀರಿಗೆ ಹಾಕಿದ ಹಾಗಾಯಿತು. ನರ್ಸ್ ಮತ್ತು ವೈದ್ಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು, ತನ್ನ ಮೇಜಿನ ಮುಂದೆ ನಿಂತು ತಾನೇ ಬೀರುವ ನೋಟ ಅದು.

ವೈದ್ಯರು ಅವಳನ್ನು ಪರದೆಯ ಆಚೆಗೆ ಕರೆದರು. ಮೆಲ್ಲಗೆ, ಮರ್ಯಾದೆಯಿಂದಲೇ ಕೇಳಿದರು. ಇವರಿಗೆ ಅಮಲಿನ ಔಷಧಿಯ ಅಭ್ಯಾಸ ಇದೆಯೇ, ಅಂಥವರಿಗೆ ಈ ಪ್ರಮಾಣ ಸಾಲುವುದಿಲ್ಲ, ಹೆಚ್ಚು ಕೊಡಬೇಕಾಗುತ್ತದೆ. ಕೆಲವರು ಔಷಧಿಗಾಗಿಯೇ ನೋವು ಎನ್ನುವುದೂ ಉಂಟು.

ನಾಟಕ ಇರಬಹುದೇ? ಅವಳ ಮನಸ್ಸು ಆ ಮಾತನ್ನು ತಟ್ಟನೆ ಹಿಡಿದುಕೊಂಡಿತು. ಬಾಟಲಿಯ ಗುಟ್ಟು ಗೊತ್ತಾಗಿರಬೇಕು, ಅನುಕಂಪ ಗಿಟ್ಟಿಸಲು ನರಳುತ್ತಿರಬೇಕು. ಪರದೆ ಸರಿಸಿ ಒಳಗೆ ಬಂದು, ಅಂಗಿಯನ್ನು ಬೆಳಕಿಗೆ ಹಿಡಿದ ಹಾಗೆ ಅವನನ್ನು ನೋಡಿದಳು. ಹಣೆಯ ಬೆವರು ಕಿವಿಗೆ ಇಳಿದಿತ್ತು. ಮುರಿಯದ ಕಾಲಿನ ಬೆರಳುಗಳು ಹಾಸಿಗೆಯ ಬಟ್ಟೆಯನ್ನು ಹಿಡಿದು ಮುದುಡಿದ್ದವು. ಕೆಳದುಟಿಯಲ್ಲಿ ಹಲ್ಲು ಊರಿ ರಕ್ತ ಜಿನುಗುತ್ತಿತ್ತು. ಯಾರೂ ನೋಡುತ್ತಿಲ್ಲವೆಂದುಕೊಂಡು ಅವನು ಕಣ್ಣು ಮುಚ್ಚಿ, ಸದ್ದಿಲ್ಲದೆ ಬಾಯಿ ತೆರೆದು, ಸತ್ತ ತಾಯಿಯನ್ನು ಕರೆಯುತ್ತಿದ್ದ. ಇಲ್ಲಿ ಬಾಣ ಅಂಟಿಸಲು ಜಾಗವಿರಲಿಲ್ಲ. ಈ ನೋವು ಅಪ್ಪಟ.

ನೋವು ನಿಜವಾದರೆ ಇಂಜೆಕ್ಷನ್ ಯಾಕೆ ಹತ್ತುತ್ತಿಲ್ಲ?

ಅದಕ್ಕೆ ಕೂರಲು ಸೀಟಿಲ್ಲ. ಯಾರೋ ಮೊದಲೇ ಹಿಡಿದುಬಿಟ್ಟಿದ್ದಾರೆ.

ನುಂಗಿದ್ದಾನೆ. ಇವತ್ತು ಬೆಳಿಗ್ಗೆ, ನಿನ್ನೆ, ಮೊನ್ನೆ, ತಾನು ನಾಲಿಗೆ ಎತ್ತಿಸಿದ ಪ್ರತಿ ಸಲವೂ ಅವನು ಮಾತ್ರೆ ನುಂಗಿಯೇ ಬಾಯಿ ತೆರೆದಿದ್ದಾನೆ. ಅವಳು ಪರದೆಯಾಚೆ ಓಡಿ ಹೋಗಿ, ಏಣಿ ಕೇಳಿಸಿಕೊಳ್ಳುತ್ತಿದ್ದಾನೆ ಎಂಬುದನ್ನೂ ನೋಡದೆ, ಕುಡಿತ ಬಿಡಿಸುವ ಮಾತ್ರೆಯ ಹೆಸರನ್ನು ಒಂದೇ ಉಸಿರಿಗೆ ಹೇಳಿದಳು. ವೈದ್ಯರ ಕೈಯಲ್ಲಿದ್ದ ಸಿರಿಂಜು ಕೆಳಗಿಳಿಯಿತು. ಇನ್ನೂ ಏರಿಸಿ ಕೊಡುವವನಿದ್ದೆ, ಉಸಿರಿಗೇ ಸಂಚಕಾರ ಬರುತ್ತಿತ್ತು ಎಂದರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಗದರಿದರು. ಅರಿವಳಿಕೆ ವೈದ್ಯರನ್ನು ಕರೆಸಿ, ತೊಡೆಯ ಸಂದಿನ ನರದ ಪಕ್ಕಕ್ಕೆ ಬೇರೆಯದೇ ಔಷಧಿ ಚುಚ್ಚಿಸಿ, ಕಾಲನ್ನಷ್ಟೇ ಮರಗಟ್ಟಿಸಿದರು. ಮಿದುಳಿನ ಸೀಟುಗಳ ಗೊಡವೆ ಅದಕ್ಕಿಲ್ಲ. ಅವನ ಬೆರಳುಗಳು ಒಂದೊಂದಾಗಿ ಕಂಬಿಯನ್ನು ಬಿಟ್ಟವು.

ಶಸ್ತ್ರಚಿಕಿತ್ಸೆಯಾಗಿ ವಾರ್ಡಿಗೆ ಬಂದ ಮೇಲೆ, ಒಂದು ಮಧ್ಯಾಹ್ನ, ಅವಳು ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತಿದ್ದಳು. ಬಾಟಲಿಯ ಮಾತನ್ನು ಎಲ್ಲಿಂದ ಶುರು ಮಾಡಲಿ ಎಂದು ಲೆಕ್ಕ ಹಾಕುತ್ತಿದ್ದಳು. ಅಷ್ಟರಲ್ಲಿ ಅವನೇ ಬಾಯಿ ಬಿಟ್ಟ.

“ಒಂದು ಮಾತು ಕೇಳ್ತೀನಿ, ಸಿಟ್ಟು ಮಾಡ್ಕೋಬೇಡ. ಯಾವಾಗಿಂದ ಕುಡಿಯೋಕೆ ಶುರು ಮಾಡಿದೆ?”

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅವನು ಮೆಲ್ಲಗೆ ಬಿಡಿಸಿ ಹೇಳಿದ. ಸೋಪಿನ ಡಬ್ಬಿಯ ಹಿಂದೆ ಬಾಟಲಿ ಸಿಕ್ಕಿತು. ತಾನು ಜನ್ಮದಲ್ಲಿ ಮುಟ್ಟದ ಕೆಂಪು ಮುಚ್ಚಳದ್ದು. ಮೈಗೆ ಅವಳ ಕಾರ್ಖಾನೆಯ ದಾರ. ಅಳತೆ ಇಟ್ಟುಕೊಂಡು ದಿನಕ್ಕೆ ಇಷ್ಟೇ ಎಂದು ಕುಡಿಯುತ್ತಿದ್ದಾಳೆ ಎಂದುಕೊಂಡ. ಕಣ್ಣು ಕೆಂಪು, ಊಟ ಸೇರದು, ಮಾತೆತ್ತಿದರೆ ಸಿಡುಕು. ಎಲ್ಲ ಲೆಕ್ಕವೂ ಕೂಡಿಬಂತು. ಥಿನ್ನರ್ ವಾಸನೆ ಕುಡಿದು ಕುಡಿದು ತನ್ನ ಮೂಗು ಸತ್ತು ಯಾವ ಕಾಲವಾಯಿತೋ. ಒಳಗಿರುವುದು ಹೆಂಡ ಹೌದೋ ಅಲ್ಲವೋ ತಿಳಿಯಲು ಒಂದು ಗುಟುಕು ಬಾಯಿಗೆ ಹಾಕಿದ. ಹೌದೆನಿಸಿದ ಮೇಲೆ ದಿನಾ ಸ್ವಲ್ಪ ಸ್ವಲ್ಪ ಸಿಂಕಿಗೆ ಚೆಲ್ಲಿದ. ಒಂದೇ ಸಲ ಚೆಲ್ಲಿದರೆ ಅವಳು ಇನ್ನೊಂದು ತಂದು ಬೇರೆ ಕಡೆ ಬಚ್ಚಿಡುತ್ತಾಳೆ. ಅದು ಅವನಿಗೆ ಅನುಭವದಿಂದ ಗೊತ್ತು.

“ಕೇಳೋಣ ಅಂದ್ರೆ, ನಂಗೆ ಯಾವ ಮುಖ ಇತ್ತು?”

ಅವಳು ನೆಲ ನೋಡಿಕೊಂಡು ಕೇಳಿದಳು, ಆ ಒಂದು ಗುಟುಕು ಹೇಗಿತ್ತು?

ಗಂಟಲು ಸುಟ್ಟಿತು, ಅಷ್ಟೇ ಎಂದ. ಮೊದಲೆಲ್ಲ ಒಳಗೆ ದೀಪ ಹತ್ತುತ್ತಿತ್ತು. ಈ ಸಲ ಯಾರದೋ ಮನೆಯ ಬಾಗಿಲು ತಟ್ಟಿ, ಒಳಗೆ ಯಾರೂ ಇಲ್ಲವೆಂದು ವಾಪಸು ಬಂದ ಹಾಗಾಯಿತು.

ಆಮೇಲೆ ಅವಳು ಹೇಳಿದಳು. ಬಾಟಲಿ ನಾನೇ ತಂದದ್ದು, ನೀವು ಕುಡಿಯುತ್ತೀರೋ ನೋಡಲು ಇಟ್ಟದ್ದು. ವೈದ್ಯರಿಗೆ ಮಾತ್ರೆಯಿಲ್ಲ ಎಂದವಳೂ ನಾನೇ. ಅದನ್ನು ಕೇಳಿ ಅವನು ಕೂಗಾಡಬಹುದು, ಮುಖ ತಿರುಗಿಸಬಹುದು ಎಂದು ಅವಳು ಗಟ್ಟಿಯಾಗಿ ಕೂತಿದ್ದಳು. ಅವನು ಎರಡನ್ನೂ ಮಾಡಲಿಲ್ಲ. ಮಾತ್ರೆಯ ವಿಷಯಕ್ಕೆ ಹೋಗಲಿ ಬಿಡು ಎಂಬಂತೆ ಕೈಯಾಡಿಸಿದ. ಬಾಟಲಿಯ ವಿಷಯಕ್ಕೆ ಬಂದಾಗ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಪರೀಕ್ಷೆಗೆ ಅಂತ ಇಟ್ಟಿದ್ಯಾ,” ಎಂದ. ನಂಬಿದವನ ದನಿಯಲ್ಲ ಅದು. “ನಾನೂ ಒಂದ್ಸಲ ಗೆಳೆಯನ ಬಾಟ್ಲಿ ಅಂದಿದ್ದೆ. ನೆನಪಿದೆಯಾ?”

“ರೀ, ನಿಜವಾಗ್ಲೂ. ನಾನು ಮುಟ್ಟಿಲ್ಲ.”

“ನಾನೂ ಹೀಗೇ ಹೇಳ್ತಿದ್ದೆ. ಇದೇ ಮಾತು, ಇದೇ ದನಿ.”

ಅವಳು ಏನು ತೋರಿಸಬಲ್ಲಳು? ಅವನ ಮಾತಿಗೆ ಕೊನೆಗೆ ಮುರಿದ ಕಾಲು ಸಾಕ್ಷಿ ಹೇಳಿತು. ಅವಳ ಮಾತಿಗೆ ಸಾಕ್ಷಿ ಹೇಳುವವರು ಯಾರೂ ಇಲ್ಲ. ಹೆಂಡದಂಗಡಿಯವನನ್ನು ಕೇಳಿದರೆ, ಹೌದು, ಸೆರಗು ಮುಚ್ಚಿಕೊಂಡು ಬಂದಿದ್ದರು ಎಂದಾನು.

“ಹತ್ರ ಬಾ,” ಎಂದ ಅವನು. “ಊದು ನೋಡೋಣ.”

ಅವಳ ಮುಖಕ್ಕೆ ರಕ್ತ ನುಗ್ಗಿತು. ಎದುರು ಹಾಸಿಗೆಯ ಮುದುಕನೊಬ್ಬ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದ. ಆದರೂ ಬಗ್ಗಿದಳು. ಅವನ ಮುಖದ ಹತ್ತಿರ ಬಾಯಿ ತೆರೆದು ಉಸಿರು ಬಿಟ್ಟಳು. ಅವನು ಕಣ್ಣು ಮುಚ್ಚಿಕೊಂಡು ಆ ಉಸಿರನ್ನು ತೆಗೆದುಕೊಂಡ.

“ನಿಮಗೆ ವಾಸನೆ ಗೊತ್ತಾಗಲ್ವಲ್ಲ,” ಎಂದಳು ತಟ್ಟನೆ ನೆನಪಾಗಿ.

“ಗೊತ್ತಾಗಲ್ಲ.”

“ಮತ್ತೆ ಯಾಕೆ ಊದಿಸಿದ್ರಿ?”

“ಊದ್ತೀಯೋ ಇಲ್ವೋ ನೋಡೋಣ ಅಂತ.”

ಅವನ ತುಟಿಯ ಮೂಲೆಯಲ್ಲಿದ್ದದ್ದು ನಗುವೋ ಅಲ್ಲವೋ ಅವಳ ಕಣ್ಣಿಗೂ ತಿಳಿಯಲಿಲ್ಲ. ನೀರು ತರುತ್ತೇನೆಂದು ಎದ್ದು ಮೆಟ್ಟಿಲ ಬುಡಕ್ಕೆ ಬಂದು ಕಾಜಾಳಿಗೆ ಫೋನು ಮಾಡಿದಳು. ಕೋಣೆಯನ್ನು ಬೇರೆ ಯಾರಿಗಾದರೂ ಕೊಡು, ನಾನು ಬರುವುದಿಲ್ಲ ಎಂದಳು. ಅಂತೂ ಗಂಡನ ಮೇಲೆ ನಂಬಿಕೆ ಬಂತಾ ಅಕ್ಕಾ ಎಂದು ಆ ಕಡೆಯಿಂದ ಕೇಳಿತು.

“ಅದನ್ನ ಆಮೇಲೆ ನೋಡ್ಕೋತೀನಿ,” ಎಂದಳು ಅವಳು. “ಈಗ ಅವರೇ ನನ್ನನ್ನ ನಂಬ್ತಿಲ್ಲ ಕಣೇ. ಹೀಗೆ ಕುಡುಕಿ ಅನ್ನಿಸ್ಕೊಂಡು ಮನೆ ಬಿಟ್ಟು ಹೇಗೆ ಬರಲಿ?”